ರಂಜಕದ ಪಾಲುದಾರ

ಅಕ್ಕಿ ಚೀಲಗಳ ಹಿಂದೆ ಕುಕ್ಕರಗಾಲಲ್ಲಿ ಕೂತು ಸಲಾವುದ್ದೀನ ಆ ಹೆಂಗಸನ್ನೇ ನೋಡುತ್ತಿದ್ದ. ಅವಳು ರಂಜಕದ ಗಾಜಿನ ಬರಣಿಯೊಂದನ್ನು ಬೆಳಕಿಗೆ ಹಿಡಿದಳು. ಸುತ್ತಲೂ ತಿರುಗಿಸಿದಳು. ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುವಿ ನೋಡಿದಳು. ಒಂದನ್ನು ಬೇಡವೆಂದು ಬದಿಗಿಟ್ಟಳು. ಕೈಚೀಲ ತುಂಬುವಷ್ಟು ಆರಿಸಿಕೊಂಡು ದುಡ್ಡು ಕೊಟ್ಟಳು.

"ವಾರಾ ವಾರಾ ಬರ್ತಾಳ್ರಿ," ಅಂಗಡಿಯ ಕೊಟ್ರಪ್ಪ ಪಿಸುಗುಟ್ಟಿದ. "ಇಕಿ ಒಬ್ಬಾಕಿ ಅಲ್ಲ, ಹಿಂಗ ಭಾಳ ಮಂದಿ ಅದಾರ. ಬ್ಯಾಡಗಿಗೆ ಮಾಲು ಬಂದಷ್ಟೂ ಖಾಲಿ."

ಇದು ಬರೀ ಗಿರಾಕಿಯ ಕೈ ಅಲ್ಲ ಎಂದು ಸಲಾವುದ್ದೀನನಿಗೆ ಅನಿಸಿತು. ಎದುರಾಳಿ ಕಂಪನಿಯ ಕೈ.

ಸಲಾವುದ್ದೀನ ರಾಣೇಬೆನ್ನೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು. ರಂಜಕವನ್ನು, ಅಂದರೆ ಕೆಂಪು ಮೆಣಸಿನಕಾಯಿಯ ಚಟ್ನಿಯನ್ನು, ಬರಣಿಗೆ ತುಂಬಿ ಮಾರುವ ಕೆಂಡಸಿರಿ ಫುಡ್ಸ್‌ನಲ್ಲಿ ಅವನ ಷೇರುಗಳಿದ್ದವು. ಕೊಂಡ ದಿನದಿಂದ ಅವು ಇಳಿಯುತ್ತಲೇ ಇದ್ದವು. ಕಂಪನಿಗೆ ಅವನು ಬರೆದ ಇಮೇಲುಗಳಿಗೆಲ್ಲ ಒಂದೇ ಉತ್ತರ: 'ತಮ್ಮ ಸಲಹೆ ಅಮೂಲ್ಯ.'

ಕಳೆದ ವಾರ್ಷಿಕ ಸಭೆ ಮೊಬೈಲಿನಲ್ಲೇ ನಡೆಯಿತು. ಇವನಿಗೂ ಮಾತಾಡುವ ಸರದಿ ಸಿಕ್ಕಿತು. ಮದುವೆಯ ಕೋಟು ಹಾಕಿಕೊಂಡು ಅಂಗಡಿಯ ಕನ್ನಡಿಗಳ ನಡುವೆ ಕೂತಿದ್ದ.

"ಬ್ಯಾಡಗಿ ಮಂದಿಗೆ ಖಾರಾ ಮಾರಾಕ ಹೊಂಟೀರಿ, ಅದೂ ನೂರಾ ಎಂಬತ್ತು ರೂಪಾಯಿಗೆ. ರೇಟು ಐವತ್ತಕ್ಕ ಇಳಸ್ರಿ. ಮಂದಿ ಹೆಂಗ ಮುಗಿಬೀಳ್ತಾರ ನೋಡ್ರಿ."

ಆ ಬೆಲೆಗೆ ಗಾಜು ಗಿಟ್ಟುವುದಿಲ್ಲ, ಪ್ಲಾಸ್ಟಿಕ್ ಡಬ್ಬಿಗೆ ಹೋಗಬೇಕಾಗುತ್ತದೆ ಎಂದರು ಅಧ್ಯಕ್ಷರು.

"ಪ್ಲಾಸ್ಟಿಕ್ ಬ್ಯಾಡ್ರಿ. ಆ ದಪ್ಪ ಗಾಜು, ಆ ಬಿಗಿ ಮುಚ್ಚಳ, ಅದರಾಗ ಕಂಪನಿ ಮರ್ಯಾದಿ ಐತಿ."

ಯಾರ ಪುಣ್ಯವೋ, ಕಂಪನಿ ಕೇಳಿತು. ಹಾವೇರಿ ಜಿಲ್ಲೆಯ ಮಟ್ಟಿಗೆ ಪರೀಕ್ಷೆಗೆಂದು ಬೆಲೆ ಇಳಿಸಿತು. ಅಂದಿನಿಂದ ಅಂಗಡಿಗಳಲ್ಲಿ ಬರಣಿ ನಿಲ್ಲಲೊಲ್ಲವು. ಸಲಾವುದ್ದೀನ ಎದೆಯುಬ್ಬಿಸಿ ನಡೆದ. ಷೇರು ಮಾತ್ರ ಇಳಿಯುತ್ತಲೇ ಹೋಯಿತು.

"ಇವತ್ತ ಮಾರಿಬಿಡ್ರಿ," ಎಂದಿದ್ದಳು ಹೆಂಡತಿ ಮಹಮೂದಾಬೇಗಂ, ಬೆಳಿಗ್ಗೆ ಚಹಾ ಕೊಡುತ್ತಾ. ಕಣ್ಣು ತಪಾಸಣೆ ಯಂತ್ರ ಕೊಳ್ಳಲು ಇಬ್ಬರೂ ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲಿತ್ತು. "ಬಂದಷ್ಟು ಬರಲಿ. ಇದ್ದ ದುಡ್ಡಿಗೆ ಅದನ್ನ ಕೂಡಿಸಿ ಮಷಿನ್ ತರೋಣು. ಗಿರಾಕಿ ಎಲ್ಲಾ ಎದುರಿನ ಅಂಗಡಿಗೆ ಹೊಂಟಾವ."

"ಮಾಲು ಇಷ್ಟು ಖರ್ಚಾಗಾಕತ್ತೈತಿ, ಷೇರು ಯಾಕ ಇಳಿತೈತಿ? ಒಳಗ ಏನೋ ಮಸಲತ್ತು ಐತಿ. ಕಣ್ಣಾರೆ ನೋಡಿ ಬರ್ತೇನಿ. ಈ ವ್ಯಾಪಾರ ಸುಳ್ಳಾದ್ರ ಇವತ್ತ ಮಾರ್ತೇನಿ."

ಹಾಗೆ ರೈಲು ಹತ್ತಿ ಬ್ಯಾಡಗಿಗೆ ಬಂದವನು ಈಗ ಆ ಹೆಂಗಸಿನ ಹಿಂದೆ ಟಂಟಂ ರಿಕ್ಷಾ ಹತ್ತಿದ. ಮೋಟೆಬೆನ್ನೂರಿನಲ್ಲಿ ಅವಳು ಇಳಿದಳು. ಇವನೂ ಇಳಿದ. ಅವಳು ಓಣಿಗೆ ತಿರುಗಿದಳು. ಇವನೂ ತಿರುಗಿದ. ಅವಳು ಗಕ್ಕನೆ ನಿಂತಳು.

"ಯಾಕ್ರಿ ಅಣ್ಣಾರ, ಬ್ಯಾಡಗಿಯಿಂದ ನನ್ನ ಬೆನ್ನು ಹತ್ತೀರಿ?"

ಸಲಾವುದ್ದೀನನ ಬೆವರು ಕನ್ನಡಕಕ್ಕೆ ಇಳಿಯಿತು. "ತಪ್ಪು ತಿಳಕೋಬ್ಯಾಡ್ರಿ, ಅಕ್ಕಾರ. ನಿಮ್ಮ ಚೀಲದಾಗಿನ ಮಾಲಿನ ಕಂಪನಿಯಾಗ ನಂದೂ ಪಾಲು ಐತಿ."

ಅವಳ ಮುಖ ಅರಳಿತು. "ಅಂದ್ರ ಮಾಲಕ್ರು. ಬರ್ರಿ, ಬರ್ರಿ. ಬಿಸಲಾಗ ಯಾಕ ನಿಂತೀರಿ?"

ಅವಳ ಹೆಸರು ಶ್ರೀದೇವಿ. ಪಡಸಾಲೆಯ ಗೋಡೆಯುದ್ದಕ್ಕೂ ಹಲಗೆ ಹೊಡೆದಿದ್ದರು. ಹಲಗೆಯ ತುಂಬ ಕೆಂಡಸಿರಿಯ ಬರಣಿಗಳು, ಬಾಯಿಮಟ ಕೆಂಪಗೆ ತುಂಬಿಕೊಂಡು ನಿಂತಿದ್ದವು. ಸಲಾವುದ್ದೀನನಿಗೆ ದರ್ಗಾದಲ್ಲಿ ನಿಂತಂತಾಯಿತು.

"ರೇಟು ಇಳಿಸಿದ್ದು ಭಾಳ ಚಲೋ ಆತ್ರಿ," ಎಂದಳು ಶ್ರೀದೇವಿ ತಂಬಿಗೆ ನೀರು ಕೊಡುತ್ತಾ. "ಮೊದಲಿನ ರೇಟಿಗೆ ಯಾರು ಮುಟ್ಟಬೇಕು? ಈಗ ನಮ್ಮ ಸಂಘದ ಹೆಣ್ಮಕ್ಕಳೆಲ್ಲಾ ಇದನ್ನ ತರ್ತೀವಿ. ಹಾವೇರಿ ಸಂತಿಗೂ ಒಯ್ತೀವಿ."

"ಅದು ನನ್ನ ಸಲಹೆರಿ."

"ನಿಮ್ಮ ಹೊಟ್ಟಿ ತಣ್ಣಗಿರಲಿ. ಊಟಾ ಮಾಡ್ಕೊಂಡ ಹೋಗ್ರಿ."

ಅತ್ತೆ ಫಕ್ಕೀರವ್ವ ಬಿಸಿ ರೊಟ್ಟಿ ತಂದಿಟ್ಟು, ಹಲಗೆಯ ಮೇಲಿನ ಬರಣಿಯೊಂದನ್ನು ಬಿಚ್ಚಿ ರಂಜಕ ಬಡಿಸಿದಳು. ಡಾಕ್ಟರು ಖಾರ ಬಿಡಿಸಿ ವರ್ಷಗಳಾಗಿದ್ದವು. ತನ್ನ ಕಂಪನಿಯ ಮಾಲನ್ನು ಸಲಾವುದ್ದೀನ ಒಮ್ಮೆಯೂ ನಾಲಗೆಗೆ ಹಚ್ಚಿರಲಿಲ್ಲ. ಇವತ್ತು ಹಚ್ಚಿದ. ಬೆಳ್ಳುಳ್ಳಿ, ಲಿಂಬೆಹುಳಿ, ಹಿಂದಿನಿಂದ ಮೆಲ್ಲಗೆ ಏರುವ ಉರಿ. ಕಣ್ಣಲ್ಲಿ ನೀರು ಬಂತು. ಅರ್ಧ ಖಾರಕ್ಕೆ, ಅರ್ಧ ಅಭಿಮಾನಕ್ಕೆ.

ಇಂಥ ಮಾಲಿರುವ ಕಂಪನಿ ಮುಳುಗುವುದುಂಟೇ? ಪೇಟೆಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ. ಗೊತ್ತಾಗುವ ಮೊದಲೇ ಕೊಳ್ಳಬೇಕು. ಎಡಗೈಯಿಂದ ಮೊಬೈಲು ತೆಗೆದು, ಯಂತ್ರಕ್ಕೆಂದು ಇಟ್ಟಿದ್ದ ದುಡ್ಡಿಗೆಲ್ಲ ಕೆಂಡಸಿರಿ ಷೇರು ಕೊಂಡ. ಹೆಂಡತಿಗೆ ಫೋನು ಹಚ್ಚಿದ.

"ಮಾರಿದ್ರಿ?" ಎಂದಳು ಮಹಮೂದಾಬೇಗಂ.

"ಮಾರಾಕ ಹುಚ್ಚ ಹಿಡದೈತೇನ? ಇದ್ದದ್ದೆಲ್ಲಾ ಹಾಕಿ ತಗೊಂಡೆ. ಕಣ್ಣಾರೆ ನೋಡೇನಿ, ಬಾಯಾರೆ ತಿಂದೇನಿ."

ಆ ಕಡೆ ಫೋನು ಕಟ್ಟಾಯಿತು. ಖುಷಿಗೆ ಓಣಿಗೆಲ್ಲ ಸುದ್ದಿ ಹೇಳಲು ಓಡಿರಬೇಕು ಎಂದುಕೊಂಡು ಅವನು ಮೊಬೈಲು ಕಿಸೆಗಿಟ್ಟ. ಇನ್ನೊಂದು ರೊಟ್ಟಿ ಹಾಕಿಸಿಕೊಂಡು, ಅಧ್ಯಕ್ಷರ ಗತ್ತಿನಲ್ಲಿ ಕೇಳಿದ: "ಮುಂದಿನ ಸಭಾದಾಗ ನಿಮ್ಮ ಮಾತು ಮುಟ್ಟಸ್ತೇನಿ, ಅಕ್ಕಾರ. ಕಂಪನಿ ಇನ್ನೂ ಏನು ಸುಧಾರಿಸಬೇಕು, ಸಂಕೋಚ ಬ್ಯಾಡ, ಹೇಳ್ರಿ."

ಶ್ರೀದೇವಿ ಸೆರಗಿನಿಂದ ಕೈ ಒರೆಸಿಕೊಂಡಳು. "ಒಂದ ಮಾತ್ರಿ: ಬರಣಿ ಖಾಲೀನ ಮಾರಾಕ ಹೇಳ್ರಿ, ಒಳಗಿನ ಗಲೀಜು ಚೆಲ್ಲಿ, ತೊಳದು, ನಮ್ಮ ಅತ್ತಿ ಮಾಡಿದ ರಂಜಕ ತುಂಬೂದರಾಗ ಸಾಕಾಗಿ ಹೋಗೈತಿ."