ಮರದ ಆಚೆ ಬದಿ

"ಮಾವಾ, ಸಿಕ್ತು! ಮರದ ಮೈಮೇಲೇ ಇದೆ!" ಚಿಹಾರು ಮೇಲಿನಿಂದ ಕೂಗಿದಳು.

ಕೆಳಗೆ, ಹಳ್ಳದ ಪಕ್ಕದ ಬಂಡೆಯ ಮೇಲೆ ಕೂತಿದ್ದ ಗೆಂಕಿಚಿ ತಟ್ಟನೆ ಕತ್ತೆತ್ತಿದ. ವಸಂತದಲ್ಲಿ ಜಾರಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡ ಮೇಲೆ ಆ ಬಂಡೆಯೇ ಅವನಿಗೆ ಗಡಿ. ಅಲ್ಲಿಂದಾಚೆ ಏಣಿ ನಿಲ್ಲಿಸಿದಂಥ ಏರು. ಏರಿನ ತುದಿಯಲ್ಲಿ ಅವನ ಹಳೆಯ ಓಕ್ ಮರ. ಅಕಿತಾದ ಈ ಬೆಟ್ಟಗಳಲ್ಲಿ ಅಣಬೆ ಏಳುವ ಜಾಗವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಗೆಂಕಿಚಿಯಂತೂ ಹೆತ್ತ ಮಗನಿಗೂ ಹೇಳಿದವನಲ್ಲ. ಆದರೆ ಈಚೆಗೆ ಎಂಥದೋ ಹುಳು ಬಿದ್ದು ಸುತ್ತಲಿನ ಓಕ್ ಮರಗಳೆಲ್ಲ ಒಣಗುತ್ತಿದ್ದವು. ತನ್ನ ಮರ ಬದುಕಿದೆಯೋ ಹೋಯಿತೋ ಎಂಬ ಚಿಂತೆ ತಡೆಯಲಾಗದೆ, ಪೇಟೆಯಲ್ಲಿ ಹುಟ್ಟಿ ಬೆಳೆದ ಸೊಸೆಯನ್ನೇ ಕರೆದುಕೊಂಡು ಬಂದಿದ್ದ.

"ಮೆಲ್ಲಗೆ ಕಣೇ! ಆಚೆ ಗುಡ್ಡದಲ್ಲೂ ಜನ ಓಡಾಡ್ತಿರ್ತಾರೆ. ಅಣಬೆ ಹೆಸರು ಮಾತ್ರ ಎತ್ತಬೇಡ. ಹೇಗಿದೆ, ಅಷ್ಟು ಹೇಳು," ಎಂದು ಅವನು ಅವಳಿಗಿಂತ ಜೋರಾಗಿ ಕೂಗಿದ.

"ಅರ್ಧ ತಟ್ಟೆ ಗೋಡೆಗೆ ಅಂಟಿಸಿದ ಹಾಗಿದೆ. ಮೇಲೆಲ್ಲ ಕಂದು ಪುಡಿ."

"ಬೆರಳಲ್ಲಿ ಒತ್ತು."

"ಅಯ್ಯೋ, ಕಲ್ಲು ಮಾವ! ಉಗುರೇ ಹೋಯ್ತು."

"ಅದು ಕೋತಿಮಣೆ ಅಣಬೆ, ತಿನ್ನೋಕಾಗಲ್ಲ. ಕೋತಿ ಕೂತ್ಕೊಳ್ಳೋಕೆ ಇರೋದು. ಮನೆಗೆ ತಂದ್ರೆ ನಿನ್ನ ಗಂಡನ್ನ ಕೂರಿಸ್ಬಹುದು, ಅಷ್ಟೆ. ಮರಕ್ಕೆ ಎಲೆ ಇದೆಯಾ, ಅದನ್ನ ಹೇಳು ಮೊದಲು!"

"ಈ ಕಡೆ ಕೊಂಬೆ ಬೋಳು... ಆ ಕಡೆ ಹಸಿರಿದೆ. ತುಂಬ ಇದೆ!"

ಗೆಂಕಿಚಿ ಬಿಗಿಹಿಡಿದಿದ್ದ ಉಸಿರು ಬಿಟ್ಟ. ಅಷ್ಟರಲ್ಲಿ ಮತ್ತೆ ಕೂಗು: "ಇನ್ನೊಂದು! ಕಿತ್ತಳೆ ಬಣ್ಣ, ಮೀನಿನ ಮಾಂಸದ ಥರ. ಮೆತ್ತಗಿದೆ. ಇದೇ ಅಲ್ವಾ?"

"ಅದೂ ಅಲ್ಲ. ಎಳೇದಿದ್ರೆ ತಿನ್ತಾರೆ, ಆದ್ರೆ ಅದಕ್ಕೋಸ್ಕರ ಯಾರೂ ಮಂಡಿ ಮುರ್ಕೊಳ್ಳಲ್ಲ. ಆಚೆ ಬದಿಗೆ ಹೋಗಮ್ಮ, ಏರಿನ ಕಡೆಗೆ. ಬುಡ ನೋಡು, ಬುಡ!"

ಕರಡಿ ಹತ್ತಿರ ಬಾರದಿರಲೆಂದು ಅವಳ ಸೊಂಟಕ್ಕೆ ಕಟ್ಟಿದ್ದ ಗಂಟೆ ಕಿಣಿಕಿಣಿ ಎನ್ನುತ್ತ ಮರವನ್ನು ಸುತ್ತಿತು. ಆಮೇಲೆ ತಟ್ಟನೆ ನಿಂತಿತು. ಗೆಂಕಿಚಿ ಕಾದ.

"ಚಿಹಾರು?"

ಜಾರಿದಳೇ? ಕರಡಿ ಎದುರಾಯಿತೇ? ಊರುಗೋಲು ಊರಿ ಎದ್ದೇಬಿಟ್ಟ; ನೋಯುವ ಕಾಲನ್ನು ಏರಿನ ಮೇಲೂ ಇಟ್ಟ.

"ಮಾವ..." ಈಗ ಅವಳ ದನಿ ದೇವರ ಗುಡಿಯೊಳಗೆ ಮಾತಾಡುವವರ ದನಿಯಂತಿತ್ತು. "ಇಲ್ಲೊಂದು ಕೋಳಿ ಕಾವು ಕೂತಿದೆ."

"ಏನು ಕೂತಿದೆ?"

"ಕೋಳಿ ಥರ! ಪುಕ್ಕ ಎಲ್ಲ ಉಬ್ಬಿಸ್ಕೊಂಡು. ಬೂದು ಬಣ್ಣ, ಅಂಚು ಕಪ್ಪು. ಪುಟ್ಟ ಪುಟ್ಟ ಬೀಸಣಿಗೆ, ಒಂದರ ಮೇಲೊಂದು, ಲೆಕ್ಕಾನೇ ಇಲ್ಲ. ತಬ್ಬಿದ್ರೆ ತೋಳು ತುಂಬುತ್ತೆ!"

"ಕೀಳಬೇಡ! ಒಂದೇ ಒಂದು ಎಸಳು ಎತ್ತಿ ಅಡಿ ನೋಡು. ಗೀರು ಗೀರಾ, ತೂತು ತೂತಾ?"

"ತೂತು. ಸೂಜೀಲಿ ಚುಚ್ಚಿದ ಹಾಗೆ. ಬೆಳ್ಳಗೆ!"

"ವಾಸನೆ? ಮೂಗಿಗೆ ಹಿಡಿ!"

ಆಮೇಲೆ, "ಮಾವ, ನನ್ನ ಬಾಯಲ್ಲಿ ನೀರು ಬರ್ತಿದೆ."

"ಮೈತಾಕೆ!" ಗೆಂಕಿಚಿ ಕಿರುಚಿದ. "ಮೈತಾಕೆ ಕಣೇ, ಮೈತಾಕೆ!" ಪೊದೆಯೊಳಗಿನ ಹಕ್ಕಿಗಳು ಬುರ್ರನೆ ಎದ್ದವು. ಕಣಿವೆ ಆ ಹೆಸರನ್ನು ಎತ್ತಿಕೊಂಡು ಇನ್ನೊಂದು ಸಲ ಹೇಳಿತು.

"ಹೆಸರು ಎತ್ತಬೇಡ ಅಂದೋರು ಯಾರಪ್ಪ!" ಎಂದು ಮೇಲಿನಿಂದ ನಗು ಉರುಳಿ ಬಂತು.

ಪಕ್ಕದ ಸಣ್ಣ ಗೊಂಚಲುಗಳನ್ನು ಅಲ್ಲೇ ಬಿಟ್ಟು, ದೊಡ್ಡದನ್ನು ಜರೀಗಿಡದ ಎಲೆಗಳಲ್ಲಿ ಸುತ್ತಿ, ಕೂಸನ್ನು ಅವಚಿಕೊಂಡಂತೆ ಎದೆಗವಚಿಕೊಂಡು ಚಿಹಾರು ಕೂತಲ್ಲೇ ಜಾರುತ್ತ ಇಳಿದಳು. ಮುಖದ ತುಂಬ ಮಣ್ಣು. ಗೆಂಕಿಚಿ ಎಲೆ ಸರಿಸಿದ, ಮೂಗಿಟ್ಟ, ಕಣ್ಣು ಮುಚ್ಚಿದ. ಹಿಂದಿನವರು ಈ ಅಣಬೆಯನ್ನು ಕಂಡಲ್ಲೇ ಕುಣಿಯುತ್ತಿದ್ದರಂತೆ. ಮೈತಾಕೆ ಎಂದರೇ ಕುಣಿತದ ಅಣಬೆ. ಮುದುಕ ಊರುಗೋಲನ್ನು ನೆಲಕ್ಕೆ ಕುಟ್ಟಿ, ಗಟ್ಟಿಯಿದ್ದ ಕಾಲಿನ ಮೇಲೆ ಒಂದು ಸುತ್ತು ತಿರುಗಿದ. ಬೀಳುವವನನ್ನು ಹಿಡಿದುಕೊಂಡ ಸೊಸೆ ತಾನೂ ತಿರುಗಿದಳು. ಸೊಂಟದ ಗಂಟೆ ಹುಚ್ಚೆದ್ದು ಬಾರಿಸಿತು.

"ಮುಂದಿನ ವರ್ಷ ನಿಮ್ಮ ಮಗನ್ನೂ ಕರ್ಕೊಂಡು ಬರೋಣ ಮಾವ," ಎಂದಳು ಏದುಸಿರು ಬಿಡುತ್ತ.

"ಯಾರು, ನೊಬುಹಿರೊನಾ? ಬೇಡವೇ ಬೇಡ. ಅವನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ. ಹೊತ್ತು ಮುಳುಗೋದ್ರೊಳಗೆ ಹೋಗಿ ಹೆಂಡತಿ ಕಿವೀಲಿ ಊದ್ತಾನೆ."

"ಆ ಹೆಂಡತಿ ನಾನೇ ಅಲ್ವಾ ಮಾವ!"

ಗೆಂಕಿಚಿ ಬಾಯಿ ತೆರೆದು ಅವಳನ್ನೇ ನೋಡಿದ. ಆಮೇಲೆ ಇಬ್ಬರೂ ಬಂಡೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಸಂಜೆ ಬಸ್ ಡಿಪೋದಿಂದ ಬಂದ ನೊಬುಹಿರೊ, ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಯ ಮುಚ್ಚಳ ತೆಗೆದವನು ಹಾಗೇ ನಿಂತ. ಮೊದಲ ಬಟ್ಟಲನ್ನು ಒಂದೇ ಉಸಿರಿಗೆ ಮುಗಿಸಿದ.

"ಎಲ್ಲಿ ಸಿಕ್ತು ಇದು?" ಎಂದು ಕೊನೆಗೆ ಕೇಳಿದ. "ಅಪ್ಪ ನನ್ನನ್ನ ಒಂದು ದಿನಕ್ಕೂ ಕರ್ಕೊಂಡು ಹೋಗ್ಲಿಲ್ಲ."

"ಮರದ ಬುಡದಲ್ಲಿ," ಎಂದಳು ಚಿಹಾರು.

"ಯಾವ ಮರ?"

ಗೆಂಕಿಚಿ ತನ್ನ ಬಟ್ಟಲನ್ನು ಎತ್ತಿ ಅದರೊಳಗೆ ಮುಖ ಹುದುಗಿಸಿದ. ಚಿಹಾರು ಗಂಡನ ಕಡೆ ಕೈ ಚಾಚಿದಳು.

"ಬಟ್ಟಲು ಕೊಡಿ ಇಲ್ಲಿ. ಇನ್ನೊಂದು ಸೌಟು ಹಾಕ್ತೀನಿ."