ಪತ್ತೆಯಾಗಿ

ದೇವಕಮ್ಮ ಸೆರಗಿನ ತುದಿಯಿಂದ ಮೊಬೈಲಿನ ಗಾಜನ್ನು ಮೂರನೆಯ ಸಲ ಒರೆಸಿದಳು. ಮೇಲಿನ ಮೂಲೆಯ ಹಳದಿ ಚುಕ್ಕೆ ಹೋಗಲಿಲ್ಲ. ಶಾಲೆಯ ಬಿಸಿಯೂಟದ ಸಾರಿಗೆ ಅರಿಶಿನ ಹಾಕಿದ ಕೈಯಲ್ಲೇ ಫೋನು ಹಿಡಿದಿದ್ದಳು. ತನ್ನ ಕೈಯನ್ನೇ ಬೈದುಕೊಂಡು, ಚುಕ್ಕೆಯ ಕೆಳಗಿದ್ದ ಅಕ್ಷರಗಳನ್ನು ಮತ್ತೊಮ್ಮೆ ಕೂಡಿಸಿ ಓದಿದಳು.

‘ಸುರಪುರ ತಾಲ್ಲೂಕಿನ ಕಬಡ್ಡಿ ಆಟಗಾರ್ತಿ ದುರಗಮ್ಮಳ ಪರೀಕ್ಷೆಯಲ್ಲಿ ನಿಷೇಧಿತ ಮದ್ದು ಪತ್ತೆಯಾಗಿ’

ಚಿತ್ರ ಅಲ್ಲಿಗೆ ಮುಗಿದಿತ್ತು.

ಅದು ಒಂದು ಕ್ರೀಡಾ ಪತ್ರಿಕೆಯ ಪುಟದ ಸ್ಕ್ರೀನ್‌ಶಾಟ್. ಮೊದಲು ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆ ಈಗ ಮೊಬೈಲಿನಲ್ಲಿ ಮಾತ್ರ ಬರುತ್ತದೆ. ಪ್ರೀಮಿಯಂ ಚಂದಾ ಕಟ್ಟಿದವರಿಗೆ ಪುಟ ತೆರೆಯುತ್ತದೆ, ಉಳಿದವರಿಗೆ ಬೀಗ. ಚಿತ್ರ ಎಲ್ಲಿಂದ ಹೊರಟಿತೋ, ಮಧ್ಯಾಹ್ನದೊಳಗೆ ಊರಿನ ಎಲ್ಲ ಫೋನುಗಳಿಗೂ ಬಂದಿತ್ತು. ಅರ್ಧ ನಿಂತ ಪದವನ್ನು ಊರೇ ಪೂರ್ತಿ ಮಾಡಿಕೊಂಡಿತು.

ದೇವಕಮ್ಮನ ಮಗಳು ದುರಗಮ್ಮ ಹತ್ತೊಂಬತ್ತರ ಹುಡುಗಿ. ರಾಜ್ಯ ತಂಡದ ಹನ್ನೆರಡು ಹೆಸರುಗಳಲ್ಲಿ ಅವಳದೂ ಒಂದು. ಸೋಮವಾರ ಶಿಬಿರಕ್ಕೆ ಹೋಗಬೇಕು. ಅಂದು ಶನಿವಾರ.

‘ನಾ ಏನೂ ತಗೊಂಡಿಲ್ಲ,’ ಎಂದಳು. ತಾಯಿಯತ್ತ ತಿರುಗಿದಳು. ‘ನೀ ಕುಡಿಸಿದ ಕೆಮ್ಮಿನ ಔಷಧ ಬಿಟ್ಟು.’

 ಪರೀಕ್ಷೆಯ ಹಿಂದಿನ ದಿನ ಮಗಳು ಬೇಡ ಬೇಡ ಎಂದರೂ ಎರಡು ಮುಚ್ಚಳ ಕುಡಿಸಿದ್ದು ನಿಜ.

ದೇವಕಮ್ಮ ಮೊದಲು ಓಡಿದ್ದು ಬಸ್ ಸ್ಟ್ಯಾಂಡಿನ ಮಲ್ಲಣ್ಣನ ಮೊಬೈಲ್ ಅಂಗಡಿಗೆ. ಅವನು ಪತ್ರಿಕೆಯ ಪುಟ ತೆರೆದು ತೋರಿಸಿದ. ‘ಕಬಡ್ಡಿ: ಮದ್ದು ಪರೀಕ್ಷೆಯ ಫಲಿತಾಂಶ’ ಎಂಬ ತಲೆಬರಹ, ಅದರ ಕೆಳಗೆ ಬರೀ ಬೀಗ. ಹಣ ಕಟ್ಟಲು ಕ್ರೆಡಿಟ್ ಕಾರ್ಡೇ ಆಗಬೇಕೆಂದ. ಅವನ ಬಳಿ ಇರಲಿಲ್ಲ. ತಿಂಗಳು ಕಳೆದರೆ ಹಳೆಯ ಸಂಚಿಕೆಯ ಬೀಗ ತಾನಾಗಿ ತೆಗೆಯುತ್ತದೆ ಎಂದೂ ಹೇಳಿದ.

ತಿಂಗಳು ಕಾಯಲು ಯಾರಿಗೆ ಸಾಧ್ಯ? ಮರುದಿನ ತಾಯಿ ಮಗಳು ಭೀಮರಾಯನಗುಡಿಯ ಬಸ್ಸು ಹತ್ತಿದರು. ಅಲ್ಲಿ ಕಾಲುವೆ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಸುಂದ್ರಮ್ಮ ಟೀಚರ್ ಇದ್ದರು. ದುರಗಮ್ಮನಿಗೆ ಕಬಡ್ಡಿ ಕಲಿಸಿದವರು, ಅವಳ ಮೊದಲ ಬೂಟಿಗೆ ತಾವೇ ದುಡ್ಡು ಕೊಟ್ಟವರು.

ಅಂಗಳದಲ್ಲಿ ಟೀಚರ ಅಕ್ಕನ ಮಗಳು ಸುಗಲಮ್ಮ ಹೊಸ ಬೂಟಿಗೆ ಲಾಡಿ ಪೋಣಿಸುತ್ತ ಕೂತಿದ್ದಳು. ಇವರನ್ನು ಕಂಡು ಬೂಟನ್ನು ಮಂಚದ ಕೆಳಗೆ ಸರಿಸಿ, ಕುಡಿಯಲು ನೀರು ತಂದಿಟ್ಟಳು. ಅವಳೂ ಆಟಗಾರ್ತಿಯೇ, ಹನ್ನೆರಡರಲ್ಲಿ ಯಾರಾದರೂ ಬಿಟ್ಟರೆ ಸೇರಬೇಕಾದ ಕಾಯ್ದಿಟ್ಟ ಪಟ್ಟಿಯಲ್ಲಿದ್ದವಳು. ದುರಗಮ್ಮನಿಗೆ ಹೀಗಾದ ಹೊತ್ತಿನಲ್ಲಿ ತನ್ನ ಬೂಟು ಕಾಣಬಾರದೆಂದು ಸರಿಸಿದಳಲ್ಲ ಎಂದು ದೇವಕಮ್ಮನಿಗೆ ಕರುಳು ಚುರ್ರೆಂದಿತು.

‘ಅಕ್ಕೋರ್ರಿ, ಮುಂದ ಏನ್ ಬರದಾರ ನೋಡಿ ಹೇಳ್ರಿ.’

ಟೀಚರು ದೊಡ್ಡ ಫೋನು ತೆಗೆದರು. ಅವರಿಗೆ ಪುಟ ಸಲೀಸಾಗಿ ತೆರೆಯಿತು. ಪುಟದ ಮೇಲಿನ ಮೂಲೆಯಲ್ಲಿ ಬಂಗಾರದ ಬಣ್ಣದ ಪುಟ್ಟ ಕಿರೀಟ, ಅದಕ್ಕೆ ಮೂರು ಮೊನೆ. ದೇವಕಮ್ಮ ಅದನ್ನೇ ನೋಡುತ್ತಿದ್ದುದನ್ನು ಕಂಡು, ದುಃಖದ ನಡುವೆಯೂ ಟೀಚರ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇಣುಕಿತು. ಅದು ಪ್ರೀಮಿಯಂನವರ ಪುಟಕ್ಕೆ ಮಾತ್ರ ಬರುವ ಗುರುತಂತೆ. ಇಡೀ ಜಿಲ್ಲೆಯಲ್ಲಿ ತಾವೊಬ್ಬರೇ ಕಟ್ಟಿದ್ದೆಂದು ಪತ್ರಿಕೆಯವರೇ ಫೋನ್ ಮಾಡಿ ಹೇಳಿದ್ದರಂತೆ.

ಓದಿದರು. ಫೋನನ್ನು ಬೋರಲು ಹಾಕಿದರು.

‘ಬರದದ್ದು ಬರದಾರ, ದೇವಕಮ್ಮ. ನನ್ನ ಬಾಯಿಲೆ ಓದಸಬ್ಯಾಡ.’

ಕೆಮ್ಮಿನ ಔಷಧ ಬಿಟ್ಟು ಬೇರೇನೂ ಕುಡಿದಿಲ್ಲವೆಂದಳು ದುರಗಮ್ಮ. ಕಬಡ್ಡಿ ಸಂಸ್ಥೆಯವರಿಗೆ ಫೋನ್ ಮಾಡಿ ಕೇಳಲೇ ಎಂದಳು. ಕೇಳಿದರೆ ಮಾತು ಬೆಳೆಯುತ್ತದೆ, ಪೇಪರಿನವರು ಮನೆಗೆ ಬರುತ್ತಾರೆ ಎಂದರು ಟೀಚರು. ಮೈಗೆ ಹುಷಾರಿಲ್ಲವೆಂದು ತಾನಾಗಿ ಹೆಸರು ಹಿಂತೆಗೆದವಳನ್ನು ಯಾರೂ ಏನೂ ಕೇಳುವುದಿಲ್ಲವಂತೆ. ಆಮೇಲೆ ದೇವಕಮ್ಮನ ಕಡೆ ತಿರುಗಿ ಮೆಲ್ಲಗೆ, ‘ಔಷಧ ಕುಡಿಸಿದಾಕಿ ನೀನಽ ಏನು?’ ಎಂದರು.

ದೇವಕಮ್ಮ ಅಲ್ಲಿಯೇ ಮುರಿದಳು. ಮಗಳ ಕೈ ಹಿಡಿದು, ಸಹಿ ಮಾಡು ಎಂದು ಅಂಗಲಾಚಿದವಳು ಅವಳೇ. ಹೆಸರು ಹಿಂತೆಗೆಯುವ ಅರ್ಜಿಯನ್ನು ಟೀಚರೇ ದುಂಡಗಿನ ಅಕ್ಷರಗಳಲ್ಲಿ ಬರೆದುಕೊಟ್ಟರು, ದುರಗಮ್ಮ ಸಹಿ ಹಾಕಿದಳು. ಬಸ್ಸಿನವರೆಗೂ ಬಂದು ದೇವಕಮ್ಮನ ಕಣ್ಣೊರೆಸಿದರು.

‘ನಿನ್ನ ಮಗಳ ಜಾಗ ಖಾಲಿ ಬಿಡಂಗಿಲ್ಲ ತಗೋ,’ ಎಂದರು. ಅದೂ ಸಮಾಧಾನದ ಮಾತೆಂದೇ ದೇವಕಮ್ಮ ತಿಳಿದಳು.

ದುರಗಮ್ಮ ಆಮೇಲೆ ತಾಯಿಯೊಡನೆ ಮಾತಾಡಲಿಲ್ಲ. ಮೂರನೆಯ ವಾರ ಗುರುಮಠಕಲ್ ಕಡೆಯಿಂದ ಒಂದು ಸಂಬಂಧ ಬಂತು. ಗಂಡಿಗೆ ಅದು ಎರಡನೆಯ ಮದುವೆ. ಮದ್ದಿನ ಸುದ್ದಿ ಕೇಳಿಯೂ ಒಪ್ಪಿದ್ದಾನಲ್ಲ ಎಂದು ದೇವಕಮ್ಮನೇ ಹೂಂ ಅಂದಳು. ಅವಸರದ ಮದುವೆ ಮುಗಿದು ಜೀಪು ಹತ್ತುವಾಗ ಮಗಳು ತಿರುಗಿ ನೋಡಲಿಲ್ಲ.

ತಿಂಗಳು ತುಂಬಿದ ದಿನ ಮಲ್ಲಣ್ಣ ಅಂಗಡಿಯಿಂದಲೇ ಅವಳನ್ನು ಕೂಗಿ ಕರೆದ. ಬೀಗ ತೆಗೆದಿತ್ತು. ಅವನು ಗಟ್ಟಿಯಾಗಿ ಓದಲಿಲ್ಲ. ಫೋನನ್ನು ಅವಳ ಮುಂದೆ ಹಿಡಿದ.

ಅದೇ ಸಾಲು. ಕೊನೆಯಲ್ಲಿ ಜಾಗ ಸಾಲದೆ ಪದ ಮುರಿದು ಕೆಳಗಿಳಿದಿತ್ತು. ಕೆಳಗಿನ ಸಾಲಿನ ಮೊದಲ ಅಕ್ಷರವನ್ನು ದೇವಕಮ್ಮ ಬೆರಳಿಟ್ಟು ಓದಿದಳು.

‘ಲ್ಲ.’

‘ಬೀಗ ಹಾಕಿತ್ತಲ್ಲ, ಅದಕ್ಕ ಕಾಣ್ಲಿಲ್ಲ,’ ಎಂದಳು. ಯಾರಿಗೆ ಹೇಳಿದಳೋ.

‘ಬೀಗ ಇದ್ದಾಗ ತಲೆಬರಹ ಬಿಟ್ಟು ಏನೂ ಕಾಣ್ತಿದ್ದಿಲ್ಲಬೇ. ಈ ಸಾಲು ಹೊರಗ ಹೆಂಗ ಬಂತು?’ ಮಲ್ಲಣ್ಣ ತನಗೂ ಬಂದಿದ್ದ ಆ ಹಳೆಯ ಚಿತ್ರವನ್ನು ಹುಡುಕಿ ತೆಗೆದ. ಅವನ ಫೋನಿಗೆ ದೇವಕಮ್ಮ ಎಂದೂ ಕೈ ಹಚ್ಚಿರಲಿಲ್ಲ. ಆದರೂ ಮೇಲಿನ ಮೂಲೆಯಲ್ಲಿ ಅದೇ ಹಳದಿ ಚುಕ್ಕೆ.

ಅವನು ಎರಡು ಬೆರಳಿಟ್ಟು ಚಿತ್ರ ಹಿಗ್ಗಿಸಿದ. ಅರಿಶಿನವೂ ಹಿಗ್ಗಿತು, ಅದಕ್ಕೆ ಮೂರು ಮೊನೆ ಮೂಡಿದವು.