ಥಿಯೋಡೋರನ ಬೀದಿಗೊಂದು ಬಾಗಿಲು

"ಬೇಗ ಮುಚ್ರಿ! ಕರಣಿಕ ಇಗರ್ಜಿ ದಾಟಿದ್ನಂತೆ!" ಹಿಂದಿನ ಬೀದಿಯ ಬಣ್ಣಗಾರ ಮಕಾರಿ ಕೂಗಿದ.

ಹೆರಾಯಿಸ್ ಒದ್ದೆ ಮಣ್ಣನ್ನು ಎರಡೂ ಕೈಯಲ್ಲಿ ಬಳಿದಳು. ಅವಳ ಗಂಡ ಫಿಬ್ ಕೊನೆಯ ಇಟ್ಟಿಗೆ ತುರುಕಿದ. ಹತ್ತು ವರ್ಷ ಓಡಾಡಿದ ಮುಂಬಾಗಿಲು ಗೋಡೆಯಾಯಿತು. ಬೆಳಗ್ಗೆ ಹಿಂದಿನ ಗೋಡೆ ಒಡೆದು ಮಾಡಿದ ಹೊಸ ಬಾಗಿಲಿನಿಂದ ಬಿಸಿಲು ಒಳಗೆ ಬೀಳುತ್ತಿತ್ತು.

ಅರ್ಸಿನೋಯಿ ಪಟ್ಟಣದ ತೆರಿಗೆ ಕಡತಕ್ಕೆ ಮನುಷ್ಯರ ಮುಖ ಬೇಕಿಲ್ಲ, ಬಾಗಿಲು ಸಾಕು. ಬಾಗಿಲು ಯಾವ ಸಂತನ ಬೀದಿಗೆ ತೆರೆಯುತ್ತದೋ ಮನೆ ಆ ಸಂತನ ಪಾಲು. ತೆರಿಗೆಯ ಜೊತೆಗೆ ಬೀದಿಗೊಬ್ಬ ಗಂಡಸನ್ನೂ ಪ್ರತಿ ವರ್ಷ ನಾಡನ್ನಾಳುವ ಅಮೀರನ ಯುದ್ಧದ ಹಡಗಿಗೆ ಕೊಡಬೇಕು. ಮುಂಬಾಗಿಲು ತೆರೆಯುತ್ತಿದ್ದ ಸಂತ ಕೊಲ್ಲುಥನ ಬೀದಿಯಲ್ಲಿ ಈ ವರ್ಷದ ಸರದಿ ಫಿಬ್‌ನ ಮನೆಯದು. ಈ ಹಿಂದೆ ಹೋದ ಮೂವರಲ್ಲಿ ಒಬ್ಬನೂ ಮರಳಿರಲಿಲ್ಲ. ಓಡಿಹೋದರೆ ಹೆಂಡತಿಗೆ ಸೆರೆಮನೆ.

ಉಪಾಯ ಮಕಾರಿಯದೇ. ಕೇಳಿದರೂ ಹಿಡಿ ಉಪ್ಪು ಕೊಡದ ಆಸಾಮಿ ನಿನ್ನೆ ತಾನಾಗಿಯೇ ಬಂದಿದ್ದ.

"ನಮ್ಮ ಥಿಯೋಡೋರನ ಬೀದೀಲಿ ಆಗಲೇ ಒಬ್ಬನ ಹೆಸರು ಬರ್ಕೊಂಡು ಹೋದ್ರು ಕಣಮ್ಮ. ನೀವು ನಮ್ಮ ಕಡೆ ಬಾಗಿಲು ತೆಗೀರಿ. ಆಮೇಲೆ ಯಾರು ಕೇಳ್ತಾರೆ?"

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು. ಇಟ್ಟಿಗೆಯನ್ನೂ ಮಕಾರಿಯೇ ತಂದ. ಅವನ ತಮ್ಮ ಪಮೂನ್ ಅಂಗೈ ಒಡೆದು ರಕ್ತ ಬಂದರೂ ಹಾರೆ ಕೆಳಗಿಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಅವರ ಮುದಿ ತಾಯಿ ರೊಟ್ಟಿ, ಬೇಳೆ ತಂದು ಫಿಬ್‌ಗೆ ತಾನೇ ಬಡಿಸಿ, ಅವನ ಕೆನ್ನೆ ಸವರಿ ಗಳಗಳನೆ ಅತ್ತಳು. ಹೆತ್ತವಳೂ ಇಷ್ಟು ಮರುಗುತ್ತಾಳೋ ಇಲ್ಲವೋ ಎಂದು ಹೆರಾಯಿಸ್‌ಗೆ ಕಣ್ಣು ತುಂಬಿ ಬಂತು.

"ನಿಮ್ಮ ಋಣ ಹೇಗೆ ತೀರಿಸ್ಲಿ ಅಣ್ಣ?"

"ಋಣದ ಮಾತು ಬಿಡಮ್ಮ. ಇವತ್ತಿಂದ ನನ್ನ ತಮ್ಮ ಬೇರೆ ಅಲ್ಲ, ನಿನ್ನ ಗಂಡ ಬೇರೆ ಅಲ್ಲ." ಮಕಾರಿ ಕೈ ತೊಳೆದುಕೊಂಡ. "ಫಿಬ್‌ನ ಅಪ್ಪನ ಹೆಸರೇನಂದೆ? ನಮ್ಮ ಬೀದಿಯ ಕಡತಕ್ಕೆ ನಾನೇ ಸೇರಿಸಿ ಬರ್ತೀನಿ. ಈ ಬಿಸಿಲಲ್ಲಿ ನೀವ್ಯಾಕೆ ಅಲೀಬೇಕು?"

ಹೆಸರು ಕೇಳಿಕೊಂಡು ಅವನು ಹೊರಟದ್ದೇ ತಡ, ಮುಚ್ಚಿದ ಗೋಡೆಯ ಆಚೆ ಕರಣಿಕ ಕೊಸ್ಮನ ದನಿ ಕೇಳಿಸಿತು.

"ಇಲ್ಲೊಂದು ಬಾಗಿಲಿತ್ತಲ್ಲೋ?"

"ಈಗಿಲ್ಲ ಸ್ವಾಮಿ," ಎಂದ ಅವನ ಜವಾನ.

ಒದ್ದೆ ಮಣ್ಣಿನ ಮೇಲೆ ಆಚೆಯಿಂದ ಬೆರಳು ಬಡಿದ ಸದ್ದು.

"ಬಾಗಿಲಿಲ್ಲದ ಮನೆ ನನ್ನ ಲೆಕ್ಕಕ್ಕಿಲ್ಲ. ಮುಂದಿನ ಮನೆ ನೋಡು."

ಮುಂದಿನ ಮನೆ ವಿಧವೆ ಥೆಕ್ಲಾಳದು. "ನನ್ನ ಮಗನ ಸರದಿ ಬರೋ ವರ್ಷ, ನನ್ನಪ್ಪಾ! ಬರೋ ವರ್ಷ!" ಅವಳ ಚೀರಾಟ ಗೋಡೆ ತೂರಿ ಬಂತು. ಹೀಗಾಗುತ್ತದೆಂದು ಹೆರಾಯಿಸ್‌ಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಮಣ್ಣು ಕಲಸಿದ್ದಳು. ಕಿವಿ ಮುಚ್ಚಿಕೊಂಡಳು. ನಾಚಿಕೆಯಿಂದ ಮೈ ಹಿಡಿಯಾಯಿತು.

ಆದರೂ ಗಂಡ ಉಳಿದ. ಅವನ ಎದೆಗೆ ಮುಖವೊತ್ತಿ ನಕ್ಕಳು, ಅತ್ತಳು.

"ನಾಳೆ ಥೆಕ್ಲಾಳ ಮುಖ ಹೇಗೆ ನೋಡೋದೇ?" ಎಂದ ಫಿಬ್.

"ಅವಳ ಬೀದಿ ಬೇರೆ, ನಮ್ಮ ಬೀದಿ ಬೇರೆ. ಸುಮ್ನಿರಿ," ಎಂದಳು.

ಅಷ್ಟರಲ್ಲಿ ಹೊಸ ಬಾಗಿಲಲ್ಲಿ ನೆರಳು ಬಿತ್ತು. ಕರಣಿಕ ಕೊಸ್ಮ, ಅವನ ಹಿಂದೆ ಹಗ್ಗ ಹಿಡಿದ ಇಬ್ಬರು ಸಿಪಾಯಿಗಳು.

"ಥಿಯೋಡೋರನ ಬೀದೀಲಿ ಹೊಸ ಬಾಗಿಲು ತೆಗೆದವರದೇ ಮೊದಲ ಸರದಿ ತಾಯಿ, ಅದು ಹಳೇ ಪದ್ಧತಿ," ಕೊಸ್ಮ ಕಡತ ಬಿಚ್ಚಿದ, "ಮಕಾರಿ ಈಗ ತಾನೇ ಬಂದು ತನ್ನ ತಮ್ಮನ ಹೆಸರು ಹೊಡೆದುಹಾಕಿಸಿ, ಆ ಜಾಗಕ್ಕೆ ನಿನ್ನ ಗಂಡನ ಹೆಸರು ಬರೆಸಿ ಹೋದ."